ಸಾಂತಾ ರೋಸಾದ ದನಗಾವಲು

ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ವಾಯವ್ಯ ಭಾಗದಲ್ಲಿ, ಶಾಂತಸಾಗರದ ತೀರಕ್ಕೆ ಸೇರಿದ ಗ್ವಾನಕಾಸ್ಟೆ ಪ್ರಾಂತದಲ್ಲಿ, ಸಾಂತಾ ರೋಸಾ ಎಂಬ ಪ್ರಾಚೀನವಾದ ದನಗಾವಲೊಂದಿತ್ತು. ದೇಶವನ್ನಾಕ್ರಮಿಸಲೆಂದು ಅಮೆರಿಕ ಸಂಯುಕ್ತ ಸಂಸ್ಥಾನದ ದುಸ್ಸಾಹಸಿ ವಿಲಿಯಂ ವಾಕರನು ಕಳುಹಿದ ದಂಡನ್ನು 1856ರ ಮಾರ್ಚ್ 20ರಂದು ಕೋಸ್ಟರಿಕಾದ ಸೈನಿಕರು ಸೋಲಿಸಿ ಅಟ್ಟಿದುದು ಈ ಕಾವಲಿನ ಮನೆಯ ಬಳಿಯಲ್ಲಿಯೇ; ಆ ಮನೆ ಇಂದಿಗೂ ರಾಷ್ಟ್ರದ ಪೂಜ್ಯ ಸ್ಮಾರಕ.

ವರ್ಷದ ಆರು ತಿಂಗಳು ಮಳೆಯನ್ನೇ ಕಾಣದ, ಬೇಸಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಇಲ್ಲಿಯ ಒಣಕಾಡನ್ನು ಪಶುಪಾಲಕರು ತಲೆಮಾರುಗಳ ಕಾಲ ಕಡಿದು, ಸುಟ್ಟು, ಆಫ್ರಿಕ ಮೂಲದ ಜರಾಗ್ವಾ ಹುಲ್ಲನ್ನು ಬಿತ್ತಿದ್ದರು. 1971ರಲ್ಲಿ ಸಾಂತಾ ರೋಸಾ ರಾಷ್ಟ್ರೀಯ ಉದ್ಯಾನವಾಗಿ, ಕಾಲಕ್ರಮದಲ್ಲಿ ದನಗಳನ್ನು ಹೊರಗಟ್ಟಿದಾಗ, ಅರಣ್ಯವು ತಾನಾಗಿ ಚಿಗುರೀತೆಂಬ ನಿರೀಕ್ಷೆ ಹುಸಿಯಾಯಿತು. ಮೇಯುವ ಬಾಯಿಗಳಿಲ್ಲದೆ ಆಳೆತ್ತರಕ್ಕೆ ಬೆಳೆದೊಣಗಿದ ಆ ಹುಲ್ಲಿಗೆ ಮನುಷ್ಯರು ತಾಗಿಸಿದ ಕಿಚ್ಚು, ಅಳಿದುಳಿದ ಕಾಡಿನ ಅಂಚನ್ನೂ ವರ್ಷವರ್ಷವೂ ಕಬಳಿಸತೊಡಗಿತು. ಸದುದ್ದೇಶದಿಂದ ಮಾಡಿದ ಕಾರ್ಯವೇ ಹೀಗೆ ವಿನಾಶಕ್ಕೆ ಇಂಧನವಾದುದು ನನ್ನನ್ನು ಬಹಳ ಕಾಲ ಕಾಡಿದ ಸಂಗತಿ.

1980ರ ದಶಕದ ನಡುವೆ ಡೇನಿಯಲ್ ಜಾನ್ಜನ್ ಮತ್ತು ವಿನ್ನಿ ಹಾಲ್‌ವಾಕ್ಸ್ ಎಂಬ ವಿಜ್ಞಾನಿಗಳು ಕಂಡುಕೊಂಡ ಉಪಾಯ ಸರಳವಾದುದು: ಸಸಿ ನೆಡುವುದಕ್ಕಿಂತ ಮೊದಲು ಕಿಚ್ಚನ್ನು ನಿಲ್ಲಿಸುವುದು. ನೆರೆಯ ಕಾವಲುಗಳನ್ನು ಕೊಂಡು ಸೇರಿಸಿದರು. ಆ ನೆಲವನ್ನು ಅಂಗೈಯಂತೆ ಬಲ್ಲ ಸುತ್ತಲಿನ ಜನರೇ ಬೆಂಕಿ ಕಾಯುವವರಾದರು. ಮತ್ತೆ ದನಗಳನ್ನು ಬಿಟ್ಟು ಕೆಲಕಾಲ ಹುಲ್ಲು ಮೇಯಿಸಿದುದೂ ಉಂಟು. ಅರಣ್ಯದ ವೈರಿಯೆನಿಸಿದ್ದ ಹಸುವೇ ಅದರ ಅಂಗರಕ್ಷಕಿಯಾಯಿತು. ಮೊದಲು ಗಾಳಿಯಲ್ಲಿ ತೇಲಿಬರುವ ಬೀಜಗಳು ಬೇರೂರಿದುವು. ಒಂಟಿ ಮರಗಳ ಕೆಳಗೆ ಹಕ್ಕಿಗಳೂ ಬಾವಲಿಗಳೂ ಉದುರಿಸಿದ ಬೀಜಗಳು ಮೊಳೆತುವು. ಹೆಚ್ಚು ಮಳೆ ಬೀಳುವ ಪೂರ್ವಭಾಗದಲ್ಲಿ, ನೆರಳಿನಿಂದ ಹುಲ್ಲನ್ನಡಗಿಸಲು ನೆಟ್ಟುದು ನಮ್ಮ ಮಲೆನಾಡಿನವರೂ ಬಲ್ಲ ಶಿವನಿ ಮರವನ್ನು! ವಿಶಾಲವಾಗಿ ಬೆಳೆದ ಈ ಸಂರಕ್ಷಿತ ಪ್ರದೇಶವನ್ನು 1999ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ತಾಣವೆಂದು ಮನ್ನಿಸಿತು.

ಪ್ರಾಂತಕ್ಕೆ ಹೆಸರಿತ್ತ ಗ್ವಾನಕಾಸ್ಟೆ ಮರದ ಮಾತೊಂದನ್ನು ಹೇಳದಿರಲಾರೆ. ಕಿವಿಯಾಕಾರದ ಅದರ ಕಾಯಿಗಳನ್ನು ತಿಂದು ಬೀಜ ಹರಡುತ್ತಿದ್ದುವು, ಸುಮಾರು 10,000 ವರ್ಷಗಳ ಹಿಂದೆ ಅಳಿದುಹೋದ ಆನೆಯಂಥ ಮಹಾಮೃಗಗಳು, ಎಂಬುದು ಜಾನ್ಜನ್‌ರ ಊಹೆ. ಆ ಕೆಲಸವನ್ನು ಕಾವಲಿನ ಕುದುರೆಗಳು ವಹಿಸಿಕೊಂಡುವು. ಅವುಗಳ ಲದ್ದಿಯಲ್ಲಿ ಬಿದ್ದ ಬೀಜ, ಮೊದಲ ಮಳೆಗೆ, ಬಯಲ ನಡುವೆ ಮೊಳಕೆಯೊಡೆಯುತ್ತದೆ.