ಮೋರಿಗೆ ಮೀಸಲು, ಹೆದ್ದಾರಿಗೆ ಇಲ್ಲ

ತುಮಕೂರಿನಿಂದ ಶಿರಾ ಕಡೆಗೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲೇ ಕೋರ ಸಿಗುತ್ತದೆ. ಈ ಹೋಬಳಿಯಲ್ಲೇ ವಸಂತನರಸಾಪುರ ಕೈಗಾರಿಕಾ ಪ್ರದೇಶ ಬೆಳೆದಿದೆ. ಅತ್ತ ಗುಬ್ಬಿಯ ಮೇಲೆ ಶಿವಮೊಗ್ಗದ ಹೆದ್ದಾರಿ, ಇತ್ತ ಕುಣಿಗಲ್ ಮೇಲೆ ಮಂಗಳೂರಿನ ಹೆದ್ದಾರಿ. ಸಾರ್ವಜನಿಕ ಹಣ ಜಲ್ಲಿ, ಡಾಂಬರು, ಕಾಂಕ್ರೀಟಿನ ರೂಪದಲ್ಲಿ ಎಲ್ಲ ದಿಕ್ಕಿಗೂ ಹರಿದಿರುವ ಸೀಮೆ ಇದು. ಆ ಹಣದಲ್ಲಿ ಗುತ್ತಿಗೆದಾರರಾಗಿ ಪಾಲು ಪಡೆಯುವವರು ಯಾರು ಎಂದು ಕೇಳಿದರೆ ಹೆದ್ದಾರಿಯ ಮೇಲೆ ಒಂದು ಉತ್ತರ, ಅದರಿಂದ ಕವಲೊಡೆದ ಹಳ್ಳಿ ರಸ್ತೆಯಲ್ಲಿ ಮತ್ತೊಂದು ಉತ್ತರ ಸಿಗುತ್ತದೆ.

ಹಳ್ಳಿಯ ಸಿಸಿ ರಸ್ತೆ, ಚರಂಡಿ, ಮೋರಿಯ ಕೆಲಸ ಸರ್ಕಾರಿ ಖರೀದಿಗೆ ಸಂಬಂಧಿಸಿದ ರಾಜ್ಯದ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ಆಗುತ್ತದೆ; ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲು ಉಂಟು. ನೂರಾರು ಕೋಟಿಯ ರಾಷ್ಟ್ರೀಯ ಹೆದ್ದಾರಿ ಕಾಮಗಾರಿ ಈ ಕಾಯ್ದೆಯ ಹೊರಗೆ ಉಳಿಯುತ್ತದೆ. ಸಣ್ಣ ಉದ್ಯಮಗಳಿಂದ ಖರೀದಿಸಬೇಕೆಂಬ ಕೇಂದ್ರದ 2012ರ ಆದೇಶದಲ್ಲಿ ಪರಿಶಿಷ್ಟರ ಉದ್ಯಮಗಳಿಗೆ ಶೇ 4ರ ಪಾಲು ಇದೆಯಾದರೂ ಅದು ಸರಕು ಮತ್ತು ಸೇವೆಗಷ್ಟೇ ಅನ್ವಯ. ನಿರ್ಮಾಣ ಗುತ್ತಿಗೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಕೂಲಿಯಿಂದ ಟೆಂಡರಿಗೆ

ರಸ್ತೆ ಕೆಲಸ ಪರಿಶಿಷ್ಟ ಸಮುದಾಯಗಳಿಗೆ ಹೊಸದಲ್ಲ. ಕಲ್ಲು ಒಡೆಯುವ, ಮಣ್ಣು ಅಗೆಯುವ, ಕೆರೆ ಏರಿ ಕಟ್ಟುವ ಕಸುಬನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದ ಭೋವಿಗಳು ಪರಿಶಿಷ್ಟ ಜಾತಿಯವರೇ. ದುಡಿಮೆ ಅವರದು, ಅಳತೆ ಪುಸ್ತಕದ ಬಿಲ್ಲು ಮಾತ್ರ ಬೇರೆಯವರ ಹೆಸರಿಗೆ. ದರ್ಜೆವಾರು ನೋಂದಣಿ, ಹಿಂದಿನ ಕೆಲಸದ ಅನುಭವ ಪತ್ರ, ವಾರ್ಷಿಕ ವಹಿವಾಟು, ಇಎಂಡಿ ಎಂಬ ಟೆಂಡರ್ ಠೇವಣಿ, ಬ್ಯಾಂಕ್ ಖಾತರಿ, ಇವೆಲ್ಲ ಕಾಗದದ ಮೇಲೆ ಎಲ್ಲರಿಗೂ ಸಮಾನ ಷರತ್ತುಗಳು. ಆದರೆ ಅನುಭವ ಇದ್ದವರಿಗೇ ಕೆಲಸ, ಕೆಲಸ ಸಿಕ್ಕವರಿಗೇ ಅನುಭವ ಎಂಬ ಸುತ್ತಿನೊಳಗೆ ಹೊಸಬರು ಕಾಲಿಡುವುದು ಕಷ್ಟ.

ಇದಕ್ಕೆ ಪರಿಹಾರದ ಮಾತು ದೇಶದಲ್ಲಿ ಸ್ಪಷ್ಟವಾಗಿ ಕೇಳಿಬಂದದ್ದು 2002ರ ಜನವರಿಯ ಭೋಪಾಲ್ ಘೋಷಣೆಯಲ್ಲಿ. ನೌಕರಿಯಾಚೆಗೆ ಸರ್ಕಾರಿ ಖರೀದಿಯಲ್ಲೂ ದಲಿತರಿಗೆ ಪಾಲು ಬೇಕೆಂದು ಅದು ಕೇಳಿತು. ಕರ್ನಾಟಕ 1999ರ ಪಾರದರ್ಶಕತೆ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದು, 50 ಲಕ್ಷ ರೂಪಾಯಿವರೆಗಿನ ನಿರ್ಮಾಣ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95 ಮೀಸಲಿಟ್ಟಿತು. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಈ ವರ್ಗಗಳ ಪ್ರಮಾಣವೂ ಇಷ್ಟೇ. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಶೇ 4, ಪ್ರವರ್ಗ 2ಎಗೆ ಶೇ 15 ಸೇರಿ ಒಟ್ಟು ಮೀಸಲು ಶೇ 43 ದಾಟಿತು. 2025ರ ಮಾರ್ಚ್‌ನಲ್ಲಿ ಮಿತಿಯನ್ನು 2 ಕೋಟಿಗೆ ಏರಿಸಿ, ಮುಸ್ಲಿಮರಿರುವ 2ಬಿಗೂ ಶೇ 4 ಕೊಡುವ ಮಸೂದೆ ಗದ್ದಲದ ನಡುವೆ ಅಂಗೀಕಾರವಾಯಿತು. ಏಪ್ರಿಲ್‌ನಲ್ಲಿ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು.

ಚರ್ಚೆಯೆಲ್ಲ 2ಬಿಯ ಈ ಶೇ 4ರ ಸುತ್ತಲೇ ಗಿರಕಿ ಹೊಡೆಯಿತು. ಧರ್ಮದ ಆಧಾರದ ಮೀಸಲಿಗೆ ಸಂವಿಧಾನದಲ್ಲಿ ಜಾಗವಿಲ್ಲ ಎಂಬುದು ಒಂದು ವಾದ. ಹಿಂದುಳಿದಿರುವಿಕೆಯೇ ಆಧಾರ ಎಂಬುದು ಇನ್ನೊಂದು. ಇದನ್ನು ನ್ಯಾಯಾಲಯಗಳೇ ಬಗೆಹರಿಸಬೇಕು. ಆದರೆ ಆ ಗದ್ದಲದಲ್ಲಿ, ಈಗಾಗಲೇ ಜಾರಿಯಲ್ಲಿರುವ ಮೀಸಲು ಏನು ಫಲ ಕೊಟ್ಟಿದೆ ಎಂದು ಸದನ ಗಂಭೀರವಾಗಿ ಕೇಳಿಕೊಳ್ಳಲಿಲ್ಲ.

ಬಿಲ್ಲು ಬರುವವರೆಗೆ

ಲೆಕ್ಕ ಹಾಕಿ ನೋಡೋಣ. ಕೋರದಂಥ ಹೋಬಳಿಯಲ್ಲಿ 40 ಲಕ್ಷದ ಸಿಸಿ ರಸ್ತೆಯೊಂದು ಮೀಸಲಿನಡಿ ಹೊಸ ಗುತ್ತಿಗೆದಾರರಿಗೆ ಸಿಕ್ಕಿತೆನ್ನಿ. ದರಪಟ್ಟಿ ಲೆಕ್ಕಾಚಾರದಲ್ಲಿ ಗುತ್ತಿಗೆದಾರರ ಲಾಭವೆಂದು ಸಾಮಾನ್ಯವಾಗಿ ಹಿಡಿಯುವುದು ಶೇ 10. ಅಂದರೆ ಹೆಚ್ಚೆಂದರೆ 4 ಲಕ್ಷ. ಸಿಮೆಂಟು, ಜಲ್ಲಿ, ಟಿಪ್ಪರ್ ಬಾಡಿಗೆಗೆ ಅವರು 20 ಲಕ್ಷವನ್ನು ತಿಂಗಳಿಗೆ ನೂರಕ್ಕೆ 2ರಂತೆ ಕೈಸಾಲ ತಂದಿದ್ದು, ಬಿಲ್ಲು ಒಂದು ವರ್ಷ ತಡವಾದರೆ ಬಡ್ಡಿಯೇ 4 ಲಕ್ಷ 80 ಸಾವಿರ. ಕೆಲಸ ಚೆನ್ನಾಗಿ ಮುಗಿಸಿಯೂ ಅವರು ನಷ್ಟದಲ್ಲಿರುತ್ತಾರೆ. ಸ್ವಂತ ಕ್ರಷರ್, ಸ್ವಂತ ಯಂತ್ರ, ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಖಾತೆ ಇರುವ ದೊಡ್ಡ ಗುತ್ತಿಗೆದಾರರು ಇದೇ ವಿಳಂಬವನ್ನು ತಡೆದುಕೊಳ್ಳುತ್ತಾರೆ. ಸಾವಿರಾರು ಕೋಟಿ ಬಾಕಿ ಇದೆ ಎಂದು ರಾಜ್ಯದ ಗುತ್ತಿಗೆದಾರರು ಸರ್ಕಾರ ಯಾವುದೇ ಇರಲಿ ದೂರುತ್ತಲೇ ಬಂದಿದ್ದಾರೆ. 2022ರ ಜುಲೈನಲ್ಲಿ ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿದ್ದು ಕೈಯಲ್ಲಿ ದುಡ್ಡಿಲ್ಲದವರಿಗೆ ಇನ್ನಷ್ಟು ಭಾರವಾಯಿತು.

ಬೇನಾಮಿ ದಂಧೆ ಬೇರು ಬಿಡುವುದು ಇಲ್ಲಿಯೇ. ಬಂಡವಾಳವಿಲ್ಲದ ಮೀಸಲು ಗುತ್ತಿಗೆದಾರರು ಲೈಸೆನ್ಸನ್ನು ಇನ್ನೊಬ್ಬರಿಗೆ ಕೊಟ್ಟು, ಪರ್ಸೆಂಟೇಜ್ ಪಡೆದು ಸುಮ್ಮನಾಗುವ ಸ್ಥಿತಿ ಹುಟ್ಟುತ್ತದೆ. ಟೀಕಾಕಾರರು ಇದನ್ನೇ ಮುಂದಿಟ್ಟು ಮೀಸಲೇ ವ್ಯರ್ಥ ಎನ್ನುತ್ತಾರೆ. ಗುಣಮಟ್ಟ ಕುಸಿಯುತ್ತದೆ ಎಂದೂ ಸೇರಿಸುತ್ತಾರೆ. ಎರಡನೆಯ ಮಾತು ಒಪ್ಪತಕ್ಕದ್ದಲ್ಲ. ಮೀಸಲು ಕಾಮಗಾರಿಗೂ ಅಂದಾಜು ಪಟ್ಟಿ ಅದೇ, ಪರೀಕ್ಷೆ ಅದೇ, ಸಹಿ ಹಾಕುವ ಎಂಜಿನಿಯರ್ ಅವರೇ. ಮೊದಲನೆಯ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಆ ದೋಷದ ಮೂಲ ಹಣ ಪಾವತಿಯ ವ್ಯವಸ್ಥೆಯಲ್ಲಿದೆ.

ಇನ್ನೆರಡು ಸಂದುಗಳಿವೆ. ಮೀಸಲು ನಿಗದಿಯಾಗುವುದು ಕಾಮಗಾರಿಗಳ ಸಂಖ್ಯೆಯ ಮೇಲೆ, ಹಣದ ಮೊತ್ತದ ಮೇಲಲ್ಲ. ಹೀಗಾಗಿ ಸಣ್ಣಪುಟ್ಟ ಕೆಲಸಗಳನ್ನು ಮೀಸಲಿಗೆ ತಳ್ಳಿಯೂ ಲೆಕ್ಕ ಸರಿದೂಗಿಸಬಹುದು. ಹಲವು ಕೆಲಸಗಳನ್ನು ಸೇರಿಸಿ ಪ್ಯಾಕೇಜ್ ಮಾಡಿದರಂತೂ ಮೊತ್ತ ಮಿತಿ ದಾಟಿ ಮೀಸಲೇ ತಪ್ಪುತ್ತದೆ. ಟೆಂಡರನ್ನೇ ತಪ್ಪಿಸಲು ಕೆಲಸವನ್ನು ಒಡೆದು ತುಂಡು ಗುತ್ತಿಗೆ ಕೊಡುವುದು ಹಳೆಯ ಚಾಳಿಯಾದರೆ, ಮೀಸಲು ತಪ್ಪಿಸಲು ಕೂಡಿಸುವುದು ಹೊಸ ಚಾಳಿ.

ಅಮೆರಿಕದ ಅನುಭವ

ಸಾರಿಗೆ ಗುತ್ತಿಗೆಗಳಲ್ಲಿ ಇಂಥ ಪ್ರಯೋಗ ದೀರ್ಘಕಾಲ ನಡೆದದ್ದು ಅಮೆರಿಕದಲ್ಲಿ. 1980ರ ದಶಕದ ಮೊದಲ ವರ್ಷಗಳಲ್ಲೇ ಅಲ್ಲಿನ ಕಾಂಗ್ರೆಸ್ ಒಕ್ಕೂಟದ ಹೆದ್ದಾರಿ ಅನುದಾನದ ಶೇ 10ನ್ನು ಅವಕಾಶವಂಚಿತರ ಉದ್ಯಮಗಳಿಗೆ ಗುರಿಯಾಗಿಟ್ಟಿತು. ಕೊಲರಾಡೊದ ಹೆದ್ದಾರಿಯೊಂದರ ತಡೆಬೇಲಿ ಕೆಲಸಕ್ಕೆ ಕಡಿಮೆ ದರ ಕೂಗಿಯೂ ಗುತ್ತಿಗೆ ಕಳೆದುಕೊಂಡ ಸಂಸ್ಥೆ ದಾವೆ ಹೂಡಿತು. ಜನಾಂಗ ಆಧಾರಿತ ಕ್ರಮಗಳನ್ನು ಅತಿ ಕಠಿಣ ಒರೆಗೆ ಹಚ್ಚಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2025ರ ಅಕ್ಟೋಬರ್‌ನಲ್ಲಿ ಜನಾಂಗ, ಲಿಂಗದ ಮೇಲೆ ಹಿಂದುಳಿದವರೆಂದು ಭಾವಿಸುವ ಪದ್ಧತಿಯನ್ನೇ ನಿಯಮದಿಂದ ಕೈಬಿಡಲಾಯಿತು.

ನಮ್ಮ ಸಂವಿಧಾನದ ನೆಲೆಗಟ್ಟು ಬೇರೆ. ದುರ್ಬಲ ವರ್ಗಗಳ ಆರ್ಥಿಕ ಹಿತ ಕಾಯುವಂತೆ 46ನೇ ವಿಧಿಯೇ ಸರ್ಕಾರಕ್ಕೆ ನಿರ್ದೇಶಿಸುತ್ತದೆ. ಹಾಗಾಗಿ ಅಲ್ಲಿನ ತೀರ್ಪು ಇಲ್ಲಿಗೆ ಪಾಠವಾಗದು. ಪಾಠವಾಗಬೇಕಾದದ್ದು ಅಲ್ಲಿನ ನಿಯಮಗಳ ವಿವರ. ಉದ್ಯಮ ತಾನೇ ನಿಂತು ಮಾಡಿದ ಕೆಲಸವನ್ನು ಮಾತ್ರ ಗುರಿಯ ಲೆಕ್ಕಕ್ಕೆ ಹಿಡಿಯುತ್ತಿದ್ದರು, ಹೆಸರಿಗಷ್ಟೇ ಇದ್ದರೆ ಇಲ್ಲ. ಮುಖ್ಯ ಗುತ್ತಿಗೆದಾರರ ಕೈಗೆ ಹಣ ಬಂದ 30 ದಿನದೊಳಗೆ ಉಪಗುತ್ತಿಗೆದಾರರಿಗೆ ಸಂದಾಯವಾಗಬೇಕು. ಮಾಲೀಕರ ನಿವ್ವಳ ಆಸ್ತಿಗೆ ಮಿತಿ ಇತ್ತು. ಅದನ್ನು ದಾಟಿದವರು ಪಟ್ಟಿಯಿಂದ ಹೊರಗೆ. ದೊಡ್ಡ ಹೆದ್ದಾರಿ ಗುತ್ತಿಗೆಯೊಳಗೇ ಉಪಗುತ್ತಿಗೆಯ ಪಾಲು ಗುರುತಿಸಿದ್ದರಿಂದ ಸಣ್ಣವರು ಮೋರಿಗೇ ಸೀಮಿತರಾಗಲಿಲ್ಲ.

ಮಿತಿಗಿಂತ ಮೊದಲು

ಮೀಸಲು ಬೇಕೇ ಎಂಬ ಪ್ರಶ್ನೆಗೆ ಈ ಲೇಖನದ ಉತ್ತರ ಬೇಕು ಎಂದೇ. ಆದರೆ 1 ಕೋಟಿಯನ್ನು 2 ಕೋಟಿ ಮಾಡಿದರೆ ಸಾಲದ ಹೊರೆಯೂ ಇಮ್ಮಡಿಯಾದೀತು. ಯಾವ ತಾಲ್ಲೂಕಿನಲ್ಲಿ ಯಾವ ಕಾಮಗಾರಿ ಮೀಸಲಾಯಿತು, ಯಾವ ವರ್ಗಕ್ಕೆ ಹೋಯಿತು, ಮೊತ್ತ ಎಷ್ಟು, ಕೆಲಸ ಮುಗಿದದ್ದು ಎಂದು, ಬಿಲ್ಲು ಪಾವತಿಯಾದದ್ದು ಎಂದು, ಇಷ್ಟನ್ನು ಖರೀದಿ ಪೋರ್ಟಲ್‌ನಲ್ಲಿ ಒಂದೇ ಪಟ್ಟಿಯಾಗಿ ಕೊಡಲು ಹೊಸ ಕಾನೂನು ಬೇಕಿಲ್ಲ. ಮೀಸಲು ಕಾಮಗಾರಿಗಳ ಬಿಲ್ಲಿಗೆ ಗಡುವು ಹಾಕಿ, ತಪ್ಪಿದರೆ ಬಡ್ಡಿ ಕೊಡಲು ಹಣಕಾಸು ಇಲಾಖೆಯ ಮನಸ್ಸೊಂದಿದ್ದರೆ ಸಾಕು. ಸರ್ಕಾರ ಮೊದಲು ಇವೆರಡನ್ನು ಮಾಡಲಿ. ಮಿತಿ ಏರಿಸುವ ವಾದಕ್ಕೆ ಆಗ ಅಂಕಿಗಳ ಬಲ ಸಿಗುತ್ತದೆ.