ಏಡಿಯ ಮೇಲೆ ಬಂದ ಅಪವಾದ

ಗದ್ದೆಯ ಅಂಚಿನಲ್ಲಿ ಕಾಣುವ ತೂತು ಏಡಿಯದೋ ಹಾವಿನದೋ ಎಂದು ತಿಳಿಯಲು ಒಂದು ಉಪಾಯವಿದೆ. ಒಳಗೆ ಏಡಿಯಿದ್ದರೆ ತೂತಿನ ಬಾಯಲ್ಲಿ ಹಸಿ ಮಣ್ಣಿನ ಸಣ್ಣ ಸಣ್ಣ ಉಂಡೆಗಳು ಬಿದ್ದಿರುತ್ತವೆ. ರಾತ್ರಿ ಅಗೆದು ಹೊರಗೆ ತಳ್ಳಿದ್ದು. ಮಣ್ಣು ಒಣಗಿ ಬಾಯಿ ನುಣುಪಾಗಿದ್ದರೆ ಕೈ ಹಾಕಬಾರದು. ಸಿದ್ದಾಪುರದ ನಮ್ಮೂರಿನಲ್ಲಿ ನಟ್ಟಿ ಮುಗಿಸಿ ಹೋಗುವ ಹೆಂಗಸರು ಹೀಗೆ ಕೈಹಾಕಿ ನಾಲ್ಕಾರು ಏಡಿ ಹಿಡಿದು, ಕೊಂಬು ಮುರಿದು, ಕೆಸುವಿನ ಎಲೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಒರಳಿನಲ್ಲಿ ಜಜ್ಜಿ, ಬಟ್ಟೆಯಲ್ಲಿ ಸೋಸಿ, ಕಾಳುಮೆಣಸು ಹಾಕಿ ಕುದಿಸಿದರೆ ಸಾರು. ಶೀತ ಹಿಡಿದ ಮಕ್ಕಳಿಗೆ ಅದೇ ಔಷಧ. ನಮ್ಮ ಮನೆಯಲ್ಲಿ ಏಡಿ ಬೇಯುತ್ತಿರಲಿಲ್ಲ. ಹಾಗಾಗಿ ನನಗೆ ಗೊತ್ತಿರುವುದು ಕಣ್ಣಿನಲ್ಲಿ ನೋಡಿದ ಏಡಿ ಮಾತ್ರ, ನಾಲಿಗೆಯದಲ್ಲ.

1975ರ ಹೊತ್ತಿಗೆ ಈ ಏಡಿಯ ಮೇಲೆ ದೊಡ್ಡದೊಂದು ಅಪವಾದ ಬಂತು. ನಮ್ಮ ತಾಲೂಕಿನ ಗಡಿ ದಾಟಿ ತಾಳಗುಪ್ಪದ ಮೇಲೆ ಹೋದರೆ ಸಾಗರ. ಸಾಗರದ ಹತ್ತಿರದ ಹಳ್ಳಿ ಹಂದಿಗೋಡು. ಅಲ್ಲಿನ ಕೃಷಿ ಕೂಲಿಕಾರರ ಕೇರಿಗಳಲ್ಲಿ ಹಲವರಿಗೆ ಸೊಂಟ, ಮಂಡಿ ಹಿಡಿದುಕೊಳ್ಳುತ್ತಿತ್ತು. ಮೊದಮೊದಲು ಬಂದು ಹೋಗುವ ನೋವು, ಆಮೇಲೆ ಹೋಗದ ನೋವು. ನಡಿಗೆ ಓರೆಯಾಗಿ, ಕೋಲು ಬಂದು, ಕೊನೆಗೆ ಕೆಲವರು ಕುಳಿತಲ್ಲೇ ಸರಿದಾಡುವ ಸ್ಥಿತಿಗೆ ಬಂದಿದ್ದರು. ದೊಡ್ಡವರಷ್ಟೇ ಅಲ್ಲ, ಹುಡುಗರೂ. ಅವರೆಲ್ಲ ಗದ್ದೆಯ ಏಡಿ ತಿನ್ನುವವರು. ಗದ್ದೆಗೆ ಆಗಷ್ಟೇ ಕೀಟನಾಶಕ ಬರತೊಡಗಿತ್ತು. ಎರಡನ್ನೂ ಸೇರಿಸಿದವರಿಗೆ ಉತ್ತರ ತಕ್ಷಣ ಸಿಕ್ಕಿತು: ವಿಷ ಗದ್ದೆಯಿಂದ ಏಡಿಗೆ, ಏಡಿಯಿಂದ ಎಲುಬಿಗೆ.

ಆ ಸುದ್ದಿ ನಮ್ಮ ಅಂಗಳಕ್ಕೂ ಬಂದದ್ದು ನೆನಪಿದೆ. ಜಗುಲಿಯಲ್ಲಿ ಕೂತ ಅಜ್ಜಿ ನಟ್ಟಿಗೆ ಬಂದವಳನ್ನು ಕೇಳಿದಳು, “ಏಡಿ ತಿಂದ್ರೆ ಕಾಲು ಬೀಳ್ತದಂತೆ, ಹೌದನೇ?”

“ತಿಂದೇ ಬೆಳ್ದವ್ರು ನಾವು ಅಮ್ಮಾ. ಹಂಗೆ ಬೀಳದಾಗಿದ್ರೆ ನಿಮ್ಮನೆ ನಟ್ಟಿಗೆ ಬರೋರ್ಯಾರು?”

ಅಜ್ಜಿ ನಕ್ಕು ಎಲೆ ಅಡಕೆ ತಟ್ಟೆ ಮುಂದೆ ಸರಿಸಿದಳು. ಆ ಮಾತಿನ ತೂಕ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಹಂದಿಗೋಡಿನ ಸಂಶೋಧನೆಯ ಕತೆ ಓದುವಾಗ.

ಹಾಗಂತ ಏಡಿಯನ್ನು ಅನುಮಾನಿಸಿದವರು ದಡ್ಡರಲ್ಲ. ಹೊಸ ಭತ್ತದ ತಳಿಗಳ ಜೊತೆಗೆ ಮಲೆನಾಡಿಗೆ ಬಂದ ಎಂಡ್ರಿನ್, ಪ್ಯಾರಾಥಿಯಾನ್ ಎರಡೂ ಘೋರ ವಿಷಗಳು. ಎಂಡ್ರಿನ್ ಎಂಬ ಹೆಸರು ಓದು ಬಾರದವರ ಬಾಯಲ್ಲೂ ಇತ್ತು. ಹೊಳೆಗೆ ಸುರಿದು ಮೀನು ಹಿಡಿಯುವ ದುರ್ಬುದ್ಧಿಯವರಿದ್ದರು, ಜೀವ ಬೇಡವೆಂದು ಕುಡಿದವರೂ ಇದ್ದರು. ಅದು ಬೇಗ ಕರಗಿ ಹೋಗುವ ಜಾತಿಯದಲ್ಲ. ಮಣ್ಣಿನಲ್ಲಿ ಉಳಿಯುತ್ತದೆ, ಪ್ರಾಣಿಗಳ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಕೆಸರಲ್ಲೇ ಬಾಳುವ ಏಡಿಯ ಮೈಯಲ್ಲಿ ಸೇರಿರಬಹುದು ಎನ್ನುವುದು ತಕ್ಕ ಊಹೆಯೇ. ಪ್ಯಾರಾಥಿಯಾನ್‌ದು ಇನ್ನೊಂದು ಚರಿತ್ರೆ. ಫಾಲಿಡಾಲ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಇದು 1958ರಲ್ಲಿ ಹಡಗಿನಲ್ಲಿ ಆಹಾರ ಪದಾರ್ಥಗಳ ಜೊತೆ ಬರುವಾಗ ಸೋರಿತು. ವಿಷ ಬೆರೆತ ಹಿಟ್ಟು ಉಂಡು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶದ 1968ರ ಕೀಟನಾಶಕ ಕಾಯ್ದೆಯ ಹಿಂದೆ ಆ ಸಾವುಗಳಿವೆ. ಇಷ್ಟೆಲ್ಲ ಆದಮೇಲೂ ಕೀಟನಾಶಕದ ಮೇಲೆ ಯಾರಿಗೂ ಗುಮಾನಿ ಬಾರದಿದ್ದರೆ ಅದೇ ಆಶ್ಚರ್ಯವಾಗುತ್ತಿತ್ತು.

ಹಂದಿಗೋಡಿಗೆ ಬಂದವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು: ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಆರ್.ವಿ. ಭಟ್. ಇವರು ಯಾರು, ಬರುವ ಮೊದಲು ಏನು ನೋಡಿ ಬಂದಿದ್ದರು ಎನ್ನುವುದನ್ನು ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ.

1974ರ ಮಳೆಗಾಲದ ಕೊನೆ. ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸ್ವಾಡಾ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಬಂತು. ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಕಾಮಾಲೆ ಎಂದರೆ ಯಾವ ವೈದ್ಯನಾದರೂ ಮೊದಲು ನೆನೆಯುವುದು ನೀರಿನಿಂದ ಹರಡುವ ವೈರಸ್ಸನ್ನು. ಆದರೆ ಅಲ್ಲಿ ನಾಯಿಗಳಿಗೂ ಅದೇ ಆಗಿತ್ತು. ಮನೆಯವರು ಉಂಡು ಉಳಿದದ್ದನ್ನು ತಿನ್ನುವ ನಾಯಿಗಳು ಹೊಟ್ಟೆ ಊದಿ ಸತ್ತಿದ್ದವು. ಮನುಷ್ಯನ ಕಾಮಾಲೆ ನಾಯಿಗೆ ಅಂಟುವುದಿಲ್ಲ. ನಾಯಿಗೂ ಮನುಷ್ಯನಿಗೂ ಸಮಾನವಾದದ್ದು ತಟ್ಟೆ. ತಟ್ಟೆಯಲ್ಲಿದ್ದದ್ದು ಮೆಕ್ಕೆಜೋಳ. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಿದ್ದು ತೆನೆಯೆಲ್ಲ ಬೂಸಲು ಹಿಡಿದಿತ್ತು. ಬೇರೆ ಕಾಳಿಲ್ಲದವರು ಅದನ್ನೇ ಬೀಸಿ ರೊಟ್ಟಿ ಮಾಡಿ ವಾರಗಟ್ಟಲೆ ತಿಂದಿದ್ದರು. ಆ ಬೂಸಲಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್, ಅದು ಕಾರುವ ವಿಷ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಮೊದಲು ಗುರುತಿಗೆ ಸಿಕ್ಕ ವಿಷ ಅದು. ಹೈದರಾಬಾದಿನವರು ಆ ಮನೆಗಳ ಜೋಳ ಪರೀಕ್ಷಿಸಿದಾಗ ಒಂದು ಕಿಲೋದಲ್ಲಿ 6ರಿಂದ 15 ಮಿಲಿಗ್ರಾಂವರೆಗೆ ಅಫ್ಲಾಟಾಕ್ಸಿನ್ ಸಿಕ್ಕಿತು. ಕಾಯಿಲೆ ಬಿದ್ದವರು 397, ಸತ್ತವರು 106. 1975ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಆ ವರದಿಯನ್ನು ಬೂಸಲಿನ ವಿಷದ ಬಗ್ಗೆ ಬರೆಯುವವರು ಇಂದಿಗೂ ನೆನೆಯುತ್ತಾರೆ.

ಕೃಷ್ಣಮಾಚಾರಿಯವರಿಗೆ ಎಲುಬಿನ ಕಾಯಿಲೆಯೂ ಹೊಸದಲ್ಲ. ನಲ್ಗೊಂಡದ ಕಡೆ ಫ್ಲೋರೈಡ್ ನೀರು ಕುಡಿಯುವ ಹಳ್ಳಿಗಳಲ್ಲಿ ಮಂಡಿ ಒಳಕ್ಕೆ ಬಾಗಿದ ಹುಡುಗರನ್ನು ಅವರು ಆಗಲೇ ನೋಡಿ ಬರೆದಿದ್ದರು. ಒಟ್ಟಿನಲ್ಲಿ ಉಣ್ಣುವ, ಕುಡಿಯುವ ಪದಾರ್ಥದಲ್ಲಿ ವಿಷ ಹುಡುಕುವುದೇ ಕಸುಬಾಗಿದ್ದವರು, ಹಿಂದಿನ ವರ್ಷವಷ್ಟೇ ಅದರಲ್ಲಿ ಗೆದ್ದವರು. ಇಂಥವರ ಮುಂದೆ ಏಡಿಯನ್ನು ತಂದು ಇಟ್ಟರೆ ಅದನ್ನೂ ತಪ್ಪಿತಸ್ಥ ಎನ್ನುವ ಆಸೆ ಎಷ್ಟಿರಬೇಡ! ನನಗೆ ಈ ಕತೆಯಲ್ಲಿ ದೊಡ್ಡದಾಗಿ ಕಾಣುವುದು ಅವರು ಹಾಗೆ ಮಾಡದೆ ಉಳಿದದ್ದು.

ವಿಷ ಬೆರೆತ ಅನ್ನಕ್ಕೆ ಗೋತ್ರ ಗೊತ್ತಿಲ್ಲ. ಒಂದೇ ಪಾತ್ರೆಯಲ್ಲಿ ಬೆಂದದ್ದನ್ನು ಉಂಡವರಲ್ಲಿ ಅದು ಮಗಳು, ಸೊಸೆ ಎಂದು ಭೇದ ಮಾಡುವುದಿಲ್ಲ; ಬಾಂಸ್ವಾಡಾದಲ್ಲಿ ನಾಯಿಯನ್ನೂ ಬಿಟ್ಟಿರಲಿಲ್ಲ. ರಕ್ತದಲ್ಲಿ ಬಂದ ರೋಗ ಹಾಗಲ್ಲ. ಸೊಸೆ ಅದೇ ಸಾರು ಉಂಡರೂ ಪಾರಾಗುತ್ತಾಳೆ, ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು ಬೇರೆ ಗದ್ದೆಯ ಏಡಿ ತಿಂದರೂ ತವರಿನ ನೋವನ್ನು ಜೊತೆಗೇ ಒಯ್ಯುತ್ತಾಳೆ. ಹಂದಿಗೋಡಿನ ಸುತ್ತಮುತ್ತ ಕಾಯಿಲೆ ಕಂಡದ್ದು ಮುಖ್ಯವಾಗಿ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಕೆಲವು ಮನೆತನಗಳಲ್ಲಿ. ಏಡಿ ತಿನ್ನುವವರು ಅವರಿಬ್ಬರೇ ಅಲ್ಲ. ಅದೇ ಗದ್ದೆಗೆ ಇಳಿದು, ಅದೇ ನೀರಿನಲ್ಲಿ ನಿಂತು, ಅದೇ ಏಡಿ ಹಿಡಿಯುವ ಬೇರೆ ಜನರಿಗೆ ಸೊಂಟ ಹಿಡಿದಿರಲಿಲ್ಲ. ಅಜ್ಜಿಗೆ ಉತ್ತರ ಕೊಟ್ಟವಳು ಕೇಳಿದ್ದೂ ಇದನ್ನೇ.

ವಿಷದ ನಡತೆಯೂ ಹೊಂದುತ್ತಿರಲಿಲ್ಲ. ಪ್ಯಾರಾಥಿಯಾನ್ ಹಿಡಿಯುವುದು ನರವನ್ನು. ನರದಿಂದ ಸ್ನಾಯುವಿಗೆ ಹೋದ ಸಂದೇಶವನ್ನು ಅಳಿಸಿ ಹಾಕುವ ಕಿಣ್ವವೊಂದು ನಮ್ಮ ಮೈಯಲ್ಲಿದೆ. ಈ ವಿಷ ಅದನ್ನು ಕಟ್ಟಿಹಾಕುತ್ತದೆ. ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಮೈ ಅದುರುತ್ತದೆ, ಎಲ್ಲವೂ ಗಂಟೆಗಳ ಲೆಕ್ಕದಲ್ಲಿ. ಎಂಡ್ರಿನ್ ಆದರೆ ಫಿಟ್ಸ್ ಬರಿಸುತ್ತದೆ. ವರ್ಷಗಟ್ಟಲೆ ತೆಗೆದುಕೊಂಡು, ಎರಡೂ ಕಡೆಯ ಸೊಂಟದ ಕೀಲನ್ನು ಸಮನಾಗಿ ಸವೆಸುವುದು ಇವೆರಡರ ಚಾಳಿಯಲ್ಲ.

1977ರಲ್ಲಿ ಭಟ್ ಮತ್ತು ಕೃಷ್ಣಮಾಚಾರಿ ತಮ್ಮ ಅಧ್ಯಯನವನ್ನು ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ ಪ್ರಕಟಿಸಿದರು. ಕಾಯಿಲೆಗೆ ಅವರು ಕೊಟ್ಟ ಹೆಸರು ‘ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ’ ಎಂಬರ್ಥದ್ದು. ಆ ಹೆಸರಿನಲ್ಲಿ ಗದ್ದೆಯಿಲ್ಲ, ಏಡಿಯಿಲ್ಲ, ‘ಕೌಟುಂಬಿಕ’ ಎಂಬುದಿದೆ. ಕಾರಣ ಪೂರ್ತಿ ಸಿಗುವ ಮೊದಲೇ ಹುಡುಕಬೇಕಾದ ದಿಕ್ಕು ಹೆಸರಿನಲ್ಲೇ ಇತ್ತು. ಜನರ ಬಾಯಲ್ಲಿ ಮಾತ್ರ ಅದು ಹಂದಿಗೋಡು ಕಾಯಿಲೆಯಾಯಿತು. ನಮ್ಮ ಸೀಮೆಯ ಊರುಗಳಿಗೆ ಈ ಗ್ರಹಚಾರ ಮೊದಲೇ ಇತ್ತು. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು 1957ರಲ್ಲಿ ಮಂಗನ ಕಾಯಿಲೆಗೆ ಹೆಸರು ಕೊಟ್ಟು ಕೂತಿದೆ. ಸಿದ್ದಾಪುರದ ಕಾಡಂಚಿನವರು ಈಗಲೂ ಬೇಸಗೆ ಬಂದರೆ ಅದನ್ನು ಹರಡುವ ಉಣುಗಿಗೆ ಹೆದರುತ್ತಾರೆ.

ಉಳಿದರ್ಧ ಉತ್ತರ ಎಕ್ಸ್‌ರೇ ಫಿಲ್ಮುಗಳಲ್ಲಿತ್ತು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಎಸ್.ಎಸ್. ಅಗರವಾಲ್ ಮತ್ತು ಜೊತೆಗಾರರು ರೋಗಿಗಳ ಎಲುಬಿನ ಚಿತ್ರಗಳನ್ನೂ ಮನೆತನಗಳ ವಂಶಾವಳಿಗಳನ್ನೂ ಎದುರುಬದುರು ಇಟ್ಟು ನೋಡಿದರು. ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಚೆಂಡಿನ ಹಾಗೆ ಉರುಟಾಗಿ ಕೂರಬೇಕು. ಇವರಲ್ಲಿ ಅದು ಚಪ್ಪಟೆಯಾಗಿ ಅಂಚು ಒಡೆದಿತ್ತು. ಹಲವರಲ್ಲಿ ಬೆನ್ನುಮೂಳೆಯ ಮಣಿಗಳೂ ತಗ್ಗಿದ್ದವು. ಕೆಲವರಿಗೆ ಕೀಲುನೋವಷ್ಟೇ, ಕೆಲವರಿಗೆ ಜೊತೆಗೆ ಮುಂಡ ಗಿಡ್ಡ, ಇನ್ನು ಕೆಲವರು ಪೂರ್ತಿ ಕುಬ್ಜರು. ಹೊರಗಿನಿಂದ ಮೂರು ರೋಗದಂತೆ ಕಂಡರೂ ಒಳಗೆ ಒಂದೇ: ಎಲುಬು ಬೆಳೆಯುವ ತುದಿಯಲ್ಲೇ ಹುಟ್ಟಿನಿಂದ ಬಂದ ದೋಷ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. 1994ರಲ್ಲಿ ಅದು ಹೊಸ ಬಗೆಯ ವಂಶವಾಹಿ ಎಲುಬುರೋಗ ಎಂದು ಪ್ರಕಟವಾಯಿತು. ಸಣ್ಣ ಸಮುದಾಯ, ಸಂಬಂಧದೊಳಗೇ ಮದುವೆ. ಹಾಗಾಗಿ ಅಲ್ಲೇ ಉಳಿದುಕೊಂಡು ಬಂದಿದೆ. ಜಾತಿಗೂ ಎಲುಬಿಗೂ ಇದಕ್ಕಿಂತ ಹೆಚ್ಚಿನ ನಂಟಿಲ್ಲ.

ಇಂಥದೇ ಕಾಯಿಲೆ ಜಗತ್ತಿನ ಇನ್ನೊಂದು ಮೂಲೆಯಲ್ಲೂ ಇತ್ತು. ದಕ್ಷಿಣ ಆಫ್ರಿಕದ ಜುಲುಲ್ಯಾಂಡಿನ ಉತ್ತರದಲ್ಲಿ ಮ್ಸೆಲೆನಿ ಎಂಬ ಊರು. ಅಲ್ಲಿಯೂ ಸೊಂಟ ಹಿಡಿದ ಬಡ ಹಳ್ಳಿಗರು, ಅಲ್ಲಿಯೂ ಮೊದಲ ಅನುಮಾನ ಅಡುಗೆಮನೆಯ ಮೇಲೆ. ಮ್ಯಾಂಗನೀಸ್ ಕೊರತೆಯೇ, ಜೋಳ ಶೇಂಗಾದ ಬೂಸಲೇ ಎಂದು ತಡಕಿದರು. ಬೂಸಲು ಹುಡುಕಿದವರಲ್ಲಿ ಮರಾಸಸ್ ಎಂಬ ಶಿಲೀಂಧ್ರ ತಜ್ಞರಿದ್ದರು. 1997ರಲ್ಲಿ ಅಗರವಾಲರ ತಂಡವೇ ಮ್ಸೆಲೆನಿ, ಹಂದಿಗೋಡು ಎರಡೂ ಒಂದೇ ಇರಬಹುದೇ ಎಂಬ ಪ್ರಶ್ನೆ ಎತ್ತಿತು.

ಇಲ್ಲಿಂದ ಕತೆ ವಿಚಿತ್ರವಾಗಿ ಕರ್ನಾಟಕಕ್ಕೆ ಮರಳುತ್ತದೆ. ಅದೇ ಮರಾಸಸ್ ಮತ್ತು ಸಂಗಡಿಗರು 1988ರಲ್ಲಿ ಮೆಕ್ಕೆಜೋಳದ ಫ್ಯೂಸೇರಿಯಂ ಬೂಸಲಿನಿಂದ ಫ್ಯುಮೊನಿಸಿನ್ ಎಂಬ ಹೊಸ ವಿಷ ಬೇರ್ಪಡಿಸಿದರು. ಕುದುರೆಗಳ ಮಿದುಳನ್ನು ಕರಗಿಸುವ ವಿಷ ಅದು. ಮನುಷ್ಯನಿಗೆ ಉಂಡ ಕೂಡಲೇ ಏನು ಮಾಡೀತು? ಅದಕ್ಕೆ ಉತ್ತರ ಸಿಕ್ಕದ್ದು 1995ರಲ್ಲಿ, ಕರ್ನಾಟಕ ಆಂಧ್ರಗಳ ಬಯಲುಸೀಮೆಯ ಹಳ್ಳಿಗಳಲ್ಲಿ. ಕೊಯ್ಲಿಗೆ ಬಂದ ಜೋಳ ಮಳೆಗೆ ನೆನೆದು ಕಪ್ಪಾಗಿತ್ತು. ಅದರ ರೊಟ್ಟಿ ತಿಂದ ಅರ್ಧ ಗಂಟೆ, ಒಂದು ಗಂಟೆಯೊಳಗೆ ಹೊಟ್ಟೆ ಗುಡುಗುಟ್ಟಿ, ನುಲಿದು, ಭೇದಿ. ಹೈದರಾಬಾದಿನಿಂದ ಬಂದವರು ಮತ್ತೆ ಅದೇ ಆರ್.ವಿ. ಭಟ್, ತಮ್ಮ ತಂಡದೊಡನೆ. 50 ಹಳ್ಳಿ ಸುತ್ತಿದರು, 27ರಲ್ಲಿ ಕಾಯಿಲೆಯಿತ್ತು. ನೆನೆದ ಜೋಳ ಉಂಡ ಮನೆಗಳಲ್ಲಿ ಮಾತ್ರ ಇತ್ತು, ಅದೇ ಊರಿನ ಬೇರೆ ಮನೆಗಳಲ್ಲಿ ಇರಲಿಲ್ಲ. ಆ ಮನೆಗಳ ಕಾಳನ್ನು ಒಂದು ದಿನದ ಹುಂಜದ ಮರಿಗಳಿಗೆ ಹಾಕಿದರು, ಅವೂ ಭೇದಿ ಮಾಡಿದವು. ಕಾಳಿನಲ್ಲಿ ಫ್ಯುಮೊನಿಸಿನ್ ಸಿಕ್ಕಿತು. ಚೆನ್ನಾಗಿದ್ದ ಮನೆಗಳ ಕಾಳಿನಲ್ಲಿ ಬಹಳ ಕಡಿಮೆ. ಆ ಜೋಳ ಬಿಟ್ಟವರು ತಾವಾಗಿ ಚೇತರಿಸಿಕೊಂಡರು. ಇಪ್ಪತ್ತು ವರ್ಷದ ಹಿಂದೆ ಏಡಿಗೆ ಹಾಕಿದ ಅದೇ ಪ್ರಶ್ನೆ, ಉಂಡವರು ಯಾರು, ಉಣ್ಣದವರು ಯಾರು. ಈ ಸಲ ರೊಟ್ಟಿ ಸಿಕ್ಕಿಬಿತ್ತು.

ಹಂದಿಗೋಡಿನ ಕಾಯಿಲೆಗೆ ಗುಣಪಡಿಸುವ ಮದ್ದಿಲ್ಲ. ನೋವಿನ ಗುಳಿಗೆ, ಕೋಲು, ಕೆಲವರಿಗೆ ಸೊಂಟದ ಕೀಲು ಬದಲಿಸುವ ಆಪರೇಷನ್. ಜೋಳವನ್ನಾದರೆ ಚೆಲ್ಲಬಹುದಿತ್ತು, ಎಲುಬನ್ನು ಎಲ್ಲಿ ಚೆಲ್ಲುವುದು?

ಹೋದ ಮಳೆಗಾಲದಲ್ಲಿ ಸಾಗರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿದ್ದವರ ಜೊತೆ ಹಂದಿಗೋಡಿನ ಮಾತು ಬಂತು. ಅವರು ಕಿಟಕಿಯ ಆಚೆ ಹಸಿರು ಗದ್ದೆಗಳತ್ತ ಕೈತೋರಿ, “ಅದು ಏಡಿ ತಿಂದು ಬಂದದ್ದು ಮಾರಾಯ್ರೇ, ನಮ್ಮಪ್ಪನೇ ಹೇಳ್ತಿದ್ದ” ಎಂದರು. ನಾನು ಮಗಳು ಸೊಸೆಯ ಲೆಕ್ಕದಿಂದ ಶುರುಮಾಡಿದೆ. ನಾಯಿಯ ವಿಷಯಕ್ಕೆ ಬರುವಷ್ಟರಲ್ಲಿ ಅವರು ಇಳಿಯುವ ಸ್ಟಾಪ್ ಬಂದಿತ್ತು.