ಗಣಕಯಂತ್ರದ ಅಂತರ್ಜಲ ಲೆಕ್ಕವೂ ಕಾಫಿ ಸೀಮೆಯ ಮಳೆ ಪುಸ್ತಕಗಳೂ

ಕುದುರೆಮುಖದಲ್ಲಿ, ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ಇರುವುದು ಬರಿಯ ನೀರಲ್ಲ. ಅದಿರನ್ನು ಅರೆದು ಕಬ್ಬಿಣವನ್ನು ಬೇರ್ಪಡಿಸಿದ ಮೇಲೆ ಉಳಿದ ನಯವಾದ ಕೆಸರು. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯು ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿಗೆ ಅನುಸಾರವಾಗಿ 2005ರ ಕೊನೆಗೆ ಇಲ್ಲಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿ ನಿಂತಿತು, ಕೆಸರು ಉಳಿಯಿತು. ಇಂತಹ ಸ್ಥಳದಿಂದ ಯಾವುದಾದರೊಂದು ವಸ್ತುವು ಅಂತರ್ಜಲವನ್ನು ಸೇರೀತೆ, ಸೇರಿದರೆ ಎಷ್ಟು ವರ್ಷಗಳಿಗೆ ಯಾರ ಬಾವಿಯನ್ನು ಮುಟ್ಟೀತು ಎಂಬುದನ್ನು ಗಣಕಯಂತ್ರದಿಂದ ಲೆಕ್ಕ ಹಾಕುವ ವಿಧಾನವೊಂದುಂಟು. ಅದು ವಿಜ್ಞಾನಿಗಳ ಕೆಲಸ. ಇತಿಹಾಸದ ಅಧ್ಯಾಪಕರಾದ ನಾವು ಅದಕ್ಕೆ ಕೈಯಿಕ್ಕಲು ಕಾರಣವಿದೆ.

ಈ ಲೆಕ್ಕದ ಮೂಲ 1856ರಷ್ಟು ಹಳೆಯದು. ಫ್ರಾನ್ಸಿನ ಎಂಜಿನಿಯರ್ ಆನ್ರಿ ಡಾರ್ಸಿಯು ಮರಳಿನ ಮೂಲಕ ನೀರನ್ನು ಹಾಯಿಸಿ, ನೀರಿನ ಮಟ್ಟದ ಇಳಿತ ಹೆಚ್ಚಿದಷ್ಟೂ ಹರಿವು ಹೆಚ್ಚುವುದೆಂದು ತೋರಿಸಿದನು. ಗಣಕವು ನೆಲದೊಳಗನ್ನು ಸಾವಿರಾರು ಕೋಣೆಗಳಾಗಿ ಭಾಗಿಸಿ, ಒಂದೊಂದು ಕೋಣೆಗೂ ಈ ನಿಯಮವನ್ನೇ ಅನ್ವಯಿಸಿ, ನೆರೆಯ ಕೋಣೆಗೆ ಎಷ್ಟು ನೀರು ಸರಿಯಿತೆಂದು ಎಣಿಸುತ್ತದೆ. ಮೊದಲು ಕಳೆದ ಕಾಲವನ್ನು ಎಣಿಸುವುದು. ಬಂದ ಉತ್ತರವು ಆಗ ಬಾವಿಗಳಲ್ಲಿ ಅಳೆದ ಮಟ್ಟದೊಡನೆ ಹೊಂದಿದರೆ ಮಾತ್ರ ಮುಂದಿನದನ್ನು ನಂಬುವುದು.

ಅಮೆರಿಕದ ಹ್ಯಾನ್‌ಫರ್ಡಿನಲ್ಲಿ ಈ ವಿಧಾನಕ್ಕೆ ಕಠಿಣವಾದ ಪರೀಕ್ಷೆ ಒದಗಿತು. ನಾಗಾಸಾಕಿಯ ಬಾಂಬಿಗೆ ಪ್ಲುಟೋನಿಯಂ ತಯಾರಾದುದು ಅಲ್ಲಿಯೆ. ವಿಕಿರಣಯುಕ್ತ ದ್ರವವನ್ನು 177 ನೆಲದಡಿಯ ತೊಟ್ಟಿಗಳಲ್ಲಿ ತುಂಬಿದುದಲ್ಲದೆ ನೇರವಾಗಿ ನೆಲಕ್ಕೂ ಸುರಿದರು. ಟ್ರಿಟಿಯಂ ನೀರಿನೊಡನೆಯೇ ನಡೆಯುತ್ತದೆ. ಸೀಸಿಯಂ ಮಣ್ಣಿಗೆ ಅಂಟಿ ಹಿಂದುಳಿಯುತ್ತದೆ. ಆದುದರಿಂದ ಯಾವುದನ್ನು, ಎಲ್ಲಿ, ಯಾವ ವರ್ಷ ಸುರಿದರೆಂದು ತಿಳಿಯದಿದ್ದರೆ ಗಣಕವು ಕುರುಡು. ಅದನ್ನು ಹೇಳಬೇಕಾದವು ಹಳೆಯ ಕಾಗದಗಳು. ಬಹುಕಾಲ ಗುಪ್ತವಾಗಿದ್ದ ಸುಮಾರು 19,000 ಪುಟಗಳು ಬೆಳಕಿಗೆ ಬಂದುದು 1986ರಲ್ಲಿ.

ಲಕ್ಯಾದ್ದು ಅಣುತ್ಯಾಜ್ಯವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಲೆಕ್ಕದ ಕ್ರಮ ಒಂದೇ, ಅದಕ್ಕೆ ಬೇಕಾದ ದಾಖಲೆಯೂ ಒಂದೇ ಬಗೆಯದು. ಕೆಸರನ್ನು ತುಂಬಿದ ವರ್ಷಗಳ ಲೆಕ್ಕಪತ್ರ ಬೇಕು. ನೆಲಕ್ಕೆ ಇಂಗಿದ ಮಳೆಯ ಲೆಕ್ಕವೂ ಬೇಕು. ಮಲೆನಾಡಿನಲ್ಲಿ ಒಂದು ಕಣಿವೆಯ ಮಳೆ ಪಕ್ಕದ ಕಣಿವೆಯದಲ್ಲ. ದೂರದ ಊರಿನ ಅಂಕಿ ಇಲ್ಲಿ ಸಾಲದು. ಇಲ್ಲಿ ನಮ್ಮ ಸೀಮೆಗೆ ಒಂದು ಭಾಗ್ಯವಿದೆ. ಮೂಡಿಗೆರೆ, ಕಳಸಗಳ ಕಾಫಿ ತೋಟಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿಯುಂಟು. ಹೂಮಳೆಗಾಗಿ ಬರೆದ ಈ ಪುಸ್ತಕಗಳು ಗಣಕಕ್ಕೂ ಆಹಾರವಾಗಬಲ್ಲವು.

ತೋಟವು ಕೈ ಬದಲಾದಾಗ ಇಂತಹ ಪುಸ್ತಕಗಳು ಒಲೆಗೋ ರದ್ದಿಗೋ ಹೋದುದನ್ನು ನಾವು ಕಂಡಿದ್ದೇವೆ. ಮಿಕ್ಕವನ್ನು ತೋರಿಸಲು ಮನಸ್ಸುಳ್ಳವರು ವಿಭಾಗಕ್ಕೆ ತಿಳಿಸಿದರೆ, ಅವರ ಮನೆಯಲ್ಲಿಯೇ ಕುಳಿತು ನಕಲು ಮಾಡಿಕೊಳ್ಳುವೆವು.